ಮನ್ಯಾಗ 200 ಬಾರ್ ಗಾಳಿ ತುಂಬೋ ಕಂಪ್ರೆಸರ್ ಕೂಡಿಸೋರು ಮೊದಲ ಇದನ್ನ ಓದ್ರಿ

ತೊಗರಿನಾಡು, ಕಲಬುರಗಿ

ಎಲ್ಲರಿಗೂ ಶರಣ್ರಿ. ನನ್ನ ಮಗಳು 10 ಮೀಟರ್ ಏರ್ ರೈಫಲ್ ಆಡ್ತಾಳ. ಮೊದಲ ಸ್ಪ್ರಿಂಗಿನ ರೈಫಲ್ ಇತ್ತು, ಅದಕ್ಕ ಗಾಳಿಯ ಚಿಂತಿ ಇದ್ದಿಲ್ಲ. ಆಮ್ಯಾಲ ಪಂದ್ಯದ ರೈಫಲ್ ತಂದ್ವಿ. ಅದರ ಬ್ಯಾರಲ್ ಕೆಳಗ ಉದ್ದಕ ಒಂದು ಸಿಲಿಂಡರ್ ಇರ್ತದ, 200 ಬಾರ್ ಗಾಳಿ ಹಿಡೀತದ. 200 ಬಾರ್ ಅಂದ್ರ 2900 ಪಿಎಸ್‌ಐ. ಕಾರಿನ ಟೈರಿಗೆ 32 ಹಾಕಸ್ತೀವಲ್ರೀ, ಅದರ ತೊಂಬತ್ತು ಪಟ್ಟು. ಪಂಕ್ಚರ್ ಅಂಗಡಿ ಕಂಪ್ರೆಸರ್ 8-10 ಬಾರಿಗೇ ನಿಂತು ಬಿಡ್ತದ, ಅಲ್ಲಿ ಕೇಳಿ ಉಪಯೋಗಿಲ್ಲ.

ಮೊದಲ ಆರು ತಿಂಗಳು ಮೂರು ಹಂತದ ಕೈಪಂಪಿನಿಂದ ತುಂಬಿದ್ವಿ. ಕೆಲಸ ಆಗ್ತದ, ಸುಳ್ಳಲ್ಲ. ಆದ್ರ ನಾ ಊರಾಗ ಇಲ್ಲದ ದಿನ ಮಗಳೇ ಪಂಪ್ ಹೊಡೀತಿದ್ಲು. ಪಂಪ್ ಹೊಡೆದ ಕೈಲೆ ರೈಫಲ್ ಹಿಡಿದ್ರ ಅರ್ಧ ತಾಸು ಕೈ ನಿಲ್ಲಂಗಿಲ್ಲ. ಗುರಿಯ ನಡುವಿನ ಹತ್ತು ಅಂಕದ ಚುಕ್ಕಿ ಬರೇ ಅರ್ಧ ಮಿಲಿಮೀಟರ್ ಅದ ನೋಡ್ರಿ. ಕೂಸಿನ ಅಭ್ಯಾಸ ಕೆಡ್ತದಂತ ಸಣ್ಣ ಎಲೆಕ್ಟ್ರಿಕ್ ಕಂಪ್ರೆಸರ್ ತರಿಸಿದೆ. ಒಂದೇ ಪಿಸ್ಟನ್ ಸಾಲು, ಎರಡು ಹಂತ, ನೀರಿನಿಂದ ತಂಪಾಗೋದು, 1.8 ಕಿಲೋವ್ಯಾಟ್ ಮೋಟರ್, 300 ಬಾರ್ ತನಕ ಒತ್ತತದ.

ಮಾರಿದವರು ಫೋನಿನ್ಯಾಗ ಹೇಳಿದ್ದು ಎರಡೇ ಮಾತು: ಆಯಿಲ್ ಹಾಕ್ರಿ, ಬಕೀಟಿಗೆ ನೀರು ಹಾಕ್ರಿ. ಗಾಳಿಯಾಗಿನ ನೀರಿನ ಮಾತು ಒಬ್ಬರೂ ಎತ್ತಲಿಲ್ಲ. ಜೂನಿನ್ಯಾಗ ಶುರು ಮಾಡಿದ್ವಿ. ಮಳಿಗಾಲ ಪೂರಾ ವಾರಕ್ಕ ಮೂರು ಸಲ ಸೀದಾ ರೈಫಲ್ ಸಿಲಿಂಡರಿಗೆ ತುಂಬಿದೆ. ಸೆಪ್ಟೆಂಬರಿನ್ಯಾಗ ಮಗಳು ಅಂದ್ಲು, "ಅಪ್ಪಾ, ಐದು ನಿಮಿಷ ಬಿಟ್ಟು ಹೊಡೆದ್ರ ಮೊದಲನೇ ಶಾಟ್ ಮ್ಯಾಲ ಹೋಗ್ತದ, ಆಮ್ಯಾಲ ಸರಿ ಆಗ್ತದ." ನಾ ಅಕಿಗೇ ಬೈದೆ, ಉಸಿರು ಸರಿ ಹಿಡಿ ಅಂತ. ಹದಿನೈದು ದಿನ ಹಂಗೇ ನಡೀತು. ಕಡಿಗೆ ಸಿಲಿಂಡರ್ ಬಿಚ್ಚಿ, ಗಾಳಿ ನಿಧಾನಕ್ಕ ಖಾಲಿ ಮಾಡಿ, ಬಾಯಿ ಕೆಳಗ ಮಾಡಿ ಬಿಳಿ ಬಟ್ಟಿ ಮ್ಯಾಲ ಹಿಡಿದೆ. ಕಂದು ಬಣ್ಣದ ನೀರು ಬಿತ್ತು. ತುಕ್ಕು. ಸಿಲಿಂಡರಿನ ಒತ್ತಡ ಇಳಿಸಿ ಪ್ರತಿ ಶಾಟಿಗೆ ಒಂದೇ ಸಮ ಕೊಡೋ ರೆಗ್ಯುಲೇಟರ್ ಅಂತ ರೈಫಲಿನ್ಯಾಗ ಇರ್ತದ. ಆ ನೀರು ಅದರೊಳಗ ಹೋಗಿ, ಗಾಳಿ ತಡಿಯೋ ಸೀಟು ತಿಂದಿತ್ತು. ಸೀಟು ಕಚ್ಚಿ ಕೂಡಲಿಲ್ಲಂದ್ರ ರೈಫಲ್ ಸುಮ್ಮನಿದ್ದಾಗ ಒತ್ತಡ ಮೆಲ್ಲಕ ಏರ್ತದ, ಅದಕ್ಕ ಮೊದಲನೇ ಶಾಟ್ ಜೋರು. ಕೂಸು ಹೇಳಿದ್ದು ಖರೆ ಇತ್ತು. ಅಕಿ ಮುಂದ ತಪ್ಪು ಒಪ್ಪಿಕೊಂಡೆ.

ಆವತ್ತಿನಿಂದ ನನಗ ಗೊತ್ತಾಗಿದ್ದು ಇಷ್ಟು. ಗಾಳಿ ತುಂಬೋದು ಮಷೀನಿನ ಕೆಲಸ. ನೀರು ಮತ್ತ ಬಿಸಿ ಹೊರಗ ಹಾಕೋದು ನಮ್ಮ ಕೆಲಸ. ಯಾರಾದ್ರೂ ಹೊಸದಾಗಿ ಕೂಡಿಸ್ಲಾಕತ್ತಿದ್ರ ಕೇಳ್ರಿ, ನನಗ ತಿಳಿದಿದ್ದು ಹೇಳ್ತೀನಿ. ತಿಳಿದವರು ನನ್ನದೂ ತಿದ್ದ್ರಿ.

ಬೀದರ ಮಿಸ್ತ್ರಿ

ಅಣ್ಣಾ, ಶರಣು. ನಾ ಬೋರ್‌ವೆಲ್ ಗಾಡಿ ಕಂಪ್ರೆಸರ್ ರಿಪೇರಿ ಮಾಡಾಂವ, ಇಪ್ಪತ್ತು ವರ್ಷ ಆತು. ನಮ್ಮದು 20-25 ಬಾರಿನ ಮಾತು, ನಿಮ್ಮದು ಅದರ ಹತ್ತು ಪಟ್ಟು. ಒಂದೇ ಕೇಳ್ತೀನಿ. ಆಯಿಲ್ ಯಾವುದು ಹಾಕೀರಿ? ಗಾಡಿ ಎಂಜಿನ್ ಆಯಿಲ್ ಹಾಕಿದ್ರ ಇವತ್ತೇ ತೆಗೀರಿ.

ಡೀಸೆಲ್ ಎಂಜಿನಿನ್ಯಾಗ ಸ್ಪಾರ್ಕ್ ಪ್ಲಗ್ ಇರಂಗಿಲ್ಲ ಅಂತ ಎಲ್ಲರಿಗೂ ಗೊತ್ತದ. ಗಾಳಿ ಒತ್ತಿದ ಬಿಸಿಗೇ ಡೀಸೆಲ್ ಹೊತ್ಕೊಂತದ. ನಿಮ್ಮ ಕಂಪ್ರೆಸರಿನ ಎರಡನೇ ಹಂತದಾಗೂ ಅದೇ ಬಿಸಿ ಅದ, ಆಯಿಲ್ ಆವಿ ಅದ, ಗಾಳಿ ಅದ. ಹೊತ್ಕೊಂಡ್ರ ಹೆಡ್ ಉಳಿಯಂಗಿಲ್ಲ. ಹೈ ಪ್ರೆಷರ್ ಬ್ರೀದಿಂಗ್ ಏರ್ ಕಂಪ್ರೆಸರಿಗೆ ಅಂತಲೇ ಸಿಂಥೆಟಿಕ್ ಆಯಿಲ್ ಬರ್ತದ, ಅದನ್ನೇ ಹಾಕಬೇಕು. ಮಷೀನಿನ ಪುಸ್ತಕದಾಗ ಯಾವ ದರ್ಜೆ ಬರೆದಾರೋ ಅದೇ. ತುಟ್ಟಿ ಅಂತ ಬಿಡಬ್ಯಾಡ್ರಿ, ಹಾಕೋದೇ ಒಂದು ಲೋಟದಷ್ಟು.

ಇನ್ನೊಂದು. ಸಿಲಿಂಡರಿನ ಬಾಯಿಗೆ, ರಬ್ಬರಿನ ಓ-ರಿಂಗಿಗೆ ಗ್ರೀಸ್ ಹಚ್ಚಲಾಕ ಸೈಕಲ್ ಅಂಗಡಿ ಗ್ರೀಸ್ ತರಬ್ಯಾಡ್ರಿ. ಸಿಲಿಕೋನ್ ಗ್ರೀಸ್, ಅದೂ ಬೆರಳಿಗೆ ಹತ್ತಿದಷ್ಟು ಸಾಕು.

ತೊಗರಿನಾಡು, ಕಲಬುರಗಿ

ಮಿಸ್ತ್ರಿ ಅಣ್ಣಾ, ಪುಸ್ತಕದಾಗಿಂದೇ ಹಾಕೀನ್ರೀ. ಮೊದಲ 50 ತಾಸಿಗೆ ಬದಲಿ ಅಂತಿತ್ತು, ನಾ 20 ತಾಸಿಗೇ ತೆಗೆದೆ. ಹೊಸ ಮಷೀನಿನಿಂದ ಬಂದ ಆಯಿಲಿನ್ಯಾಗ ಬೆಳ್ಳಿ ಪುಡಿ ಹಂಗ ಲೋಹ ಹೊಳೀತಿತ್ತು. ಛಲೋ ಆತು ಮೊದಲೇ ತೆಗೆದಿದ್ದು.

ಭೌತಶಾಸ್ತ್ರ ಯಾದಗಿರಿ

ನಮಸ್ಕಾರ. ಯಾದಗಿರಿಯಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಿಸ್ತ್ರಿಯವರು ಹೇಳಿದ ಬಿಸಿಗೆ ಒಂದು ಲೆಕ್ಕ ಕೊಡುತ್ತೇನೆ, ಹಾಳೆಯ ಮೇಲೆ ಯಾರಾದರೂ ಮಾಡಿ ನೋಡಬಹುದು. 30 ಡಿಗ್ರಿಯ ಗಾಳಿಯನ್ನು ಎಲ್ಲೂ ತಂಪಾಗಲು ಬಿಡದೆ ಒಂದೇ ಏಟಿಗೆ 200 ಬಾರಿಗೆ ಒತ್ತಿದರೆ ಅದು ಸುಮಾರು 1100 ಡಿಗ್ರಿಗೆ ಹೋಗುತ್ತದೆ. ಎರಡು ಹಂತ ಮಾಡಿ ನಡುವೆ ತಂಪು ಮಾಡಿದರೆ ಪ್ರತಿ ಹಂತದಲ್ಲಿ 370 ಡಿಗ್ರಿ. ಮೂರು ಹಂತವಾದರೆ 230. ದೊಡ್ಡ ಕಂಪ್ರೆಸರ್‌ಗಳಿಗೆ ಮೂರು ನಾಲ್ಕು ಹಂತ ಇರುವುದು ಇದಕ್ಕೇ. ಗೋಡೆಗೆ ಬಿಸಿ ಹೋಗುವುದರಿಂದ ನಿಜದಲ್ಲಿ ಇಷ್ಟು ಆಗುವುದಿಲ್ಲ, ಆದರೆ ಸಣ್ಣ ಎರಡು ಹಂತದ ಯಂತ್ರ ಎಷ್ಟು ಕಷ್ಟಪಡುತ್ತದೆ ಎಂಬುದು ತಿಳಿಯುತ್ತದೆ. ಹತ್ತು ನಿಮಿಷ ಓಡಿಸಿದರೆ ಅದಕ್ಕೆ ವಿಶ್ರಾಂತಿ ಕೊಡಲೇಬೇಕು.

ನೀರಿನ ಲೆಕ್ಕ ಇನ್ನೂ ಸ್ವಾರಸ್ಯ. ನಿಮ್ಮ ಸಿಲಿಂಡರ್ 0.2 ಲೀಟರ್ ಎಂದುಕೊಳ್ಳೋಣ. 100 ಬಾರಿನಿಂದ 200ಕ್ಕೆ ಏರಿಸಲು ಹೊರಗಿನ ಗಾಳಿ 20 ಲೀಟರ್ ಬೇಕು. ಮಳೆಗಾಲದಲ್ಲಿ 30 ಡಿಗ್ರಿ, ಶೇಕಡಾ 80 ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ 24 ಗ್ರಾಂ ನೀರಾವಿ ಇರುತ್ತದೆ. 20 ಲೀಟರಿನಲ್ಲಿ ಅರ್ಧ ಗ್ರಾಂ, ಅಂದರೆ ಹತ್ತು ಹನಿ. ವಾರಕ್ಕೆ ಮೂರು ಸಲದಂತೆ ಮೂರು ತಿಂಗಳು ತುಂಬಿದರೆ 20 ಗ್ರಾಮಿನ ಹತ್ತಿರ. ನಾಲ್ಕು ಚಹಾ ಚಮಚ ನೀರು. ಗಾಳಿಯನ್ನು ಇನ್ನೂರರಲ್ಲಿ ಒಂದು ಪಾಲಿಗೆ ಹಿಂಡಿದಾಗ ಆ ಆವಿಗೆ ಆವಿಯಾಗಿಯೇ ಇರಲು ಜಾಗವಿರುವುದಿಲ್ಲ, ಬಹುಪಾಲು ಹನಿಯಾಗುತ್ತದೆ. ಯಂತ್ರದ ಡ್ರೇನಿನಿಂದ ಸ್ವಲ್ಪ ಹೊರಗೆ ಹೋಗಿರುತ್ತದೆ, ಉಳಿದದ್ದು ನಿಮ್ಮ ಬಿಳಿ ಬಟ್ಟೆಯ ಮೇಲೆ ಬಿತ್ತು.

ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ, ಶೇಕಡಾ 20 ತೇವ ಇದ್ದರೆ 11 ಗ್ರಾಂ ಮಾತ್ರ. ಡಿಸೆಂಬರ್ ಬೆಳಗ್ಗೆ 15 ಡಿಗ್ರಿ, ಶೇಕಡಾ 60 ತೇವ ಇದ್ದರೆ 8 ಗ್ರಾಮಿಗಿಂತ ಕಡಿಮೆ. ನಮ್ಮ ಕಡೆ ಗಾಳಿ ತುಂಬಲು ಚಳಿಗಾಲದ ಬೆಳಗಿನಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ತೊಗರಿನಾಡು, ಕಲಬುರಗಿ

ಸರ, ನಾಕು ಚಮಚ ಅಂದಿದ್ದು ಓದಿ ನನಗ ಮೈ ಝುಮ್ ಅಂತು. ಮಗಳಿಗೂ ತೋರಿಸ್ದೆ.

ಈಗ ನಮ್ಮನ್ಯಾಗ ಹೆಂಗ ಕೂಡಿಸೀವಿ ಹೇಳ್ತೀನಿ. ಹಿತ್ತಲಾಗ ಉತ್ತರ ಗ್ವಾಡಿಗೆ ಒಂದು ತಗಡಿನ ನೆರಳು. ನೆಲಕ್ಕ ಫರ್ಸಿ, ಅದರ ಮ್ಯಾಲ ದಪ್ಪನ ರಬ್ಬರ್ ಮ್ಯಾಟ್, ಇಲ್ಲಂದ್ರ ಮಷೀನ್ ನಡುಗುತ್ತ ಸರಕೊಂಡು ಹೋಗ್ತದ. 20 ಲೀಟರ್ ಬಕೀಟು. ಮೊದಲ ಬೋರಿನ ನೀರೇ ಹಾಕಿದ್ದೆ. ನಮ್ಮ ಬೋರಿನ ನೀರು ಎಷ್ಟು ಗಡಸು ಅಂತ ಗೊತ್ತದಲ್ರೀ, ಎರಡು ತಿಂಗಳಿಗೆ ಸಣ್ಣ ಪಂಪಿನ್ಯಾಗ, ನಳಿಗ್ಯಾಗ ಬಿಳಿ ಉಪ್ಪು ಕಟ್ಟಿತ್ತು. ಈಗ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್, ಜರಾ ಕಾರಿನ ಕೂಲಂಟ್ ಕೂಡಿಸಿ. ಬ್ಯಾಸಗ್ಯಾಗ ನೀರಿನ ಬಾಟಲಿ ಫ್ರಿಜ್ಜಿನ್ಯಾಗ ಬರ್ಫ್ ಮಾಡಿ ಬಕೀಟಿನೊಳಗ ಇಡ್ತೀನಿ. ಮುಂಜಾನಿ ಆರರೊಳಗ ತುಂಬಿ ಮುಗಸ್ತೀವಿ. ಹೆಡ್ಡಿನ ಥರ್ಮಾಮೀಟರ್ 60 ತೋರಿಸಿದ್ರ ಬಂದ್ ಮಾಡ್ತೀನಿ, ಮೂವತ್ತು ನಿಮಿಷ ಮುಟ್ಟಂಗಿಲ್ಲ.

ಮೂರು ನಿಮಿಷಕ್ಕೊಮ್ಮಿ ಡ್ರೇನ್ ವಾಲ್ವ್ ಮೆಲ್ಲಕ ತೆಗೀತೀನಿ. ಫರ್ಸಿ ಮ್ಯಾಲ ಮಜ್ಜಿಗಿ ಹಂಗ ಬೆಳ್ಳಗ ಚಿಮ್ಮತದ, ನೀರು ಆಯಿಲ್ ಕೂಡಿ ಕಡೆದಂಗ, ಸುಟ್ಟ ಎಣ್ಣಿ ವಾಸನಿ. ಮಳಿಗಾಲದಾಗ ಅಂಗೈ ಅಗಲ ಆಗ್ತದ, ಚಳಿಗಾಲದಾಗ ನಾಕು ಹನಿ. ಅದು ಕಪ್ಪಾದ್ರ ಎಲ್ಲಾ ಬಿಟ್ಟು ಆಯಿಲ್ ನೋಡ್ಬೇಕು. ಅದರ ಮುಂದ ಇನ್ನೊಂದು ಉದ್ದನ ಫಿಲ್ಟರ್ ಕೊಳವಿ ಹಾಕೀನಿ. ಒಳಗ ನೀರಿನ ಆವಿ ಹೀರೋ ಮಾಲಿಕ್ಯುಲರ್ ಸೀವ್ ಕಾಳು, ಅದರ ಮುಂದ ಇದ್ದಲಿ ಕಾಳು. ಆ ಕೊಳವಿಯೂ 300 ಬಾರಿಗೆ ಅಂತ ಮುದ್ರಿ ಇರೋದೇ ಬೇಕು, ಮನ್ಯಾಗ ಪೈಪ್ ಕೊಯ್ದು ಮಾಡೋದಲ್ಲ.

ಬೀದರ ಮಿಸ್ತ್ರಿ

ಫಿಲ್ಟರ್ ಹಾಕಿದ್ದು ಖರೆ, ಅದರ ಮುಂದ, ಗಾಳಿ ಹೊರಗ ಹೋಗೋ ಕಡಿ, ಪ್ರೆಷರ್ ಮೇಂಟೇನಿಂಗ್ ವಾಲ್ವ್ ಅದಯೋ ಇಲ್ಲೋ? ಅದಿಲ್ಲಂದ್ರ ತುಂಬಲಾಕ ಶುರು ಮಾಡಿದಾಗ ಫಿಲ್ಟರಿನೊಳಗ ಒತ್ತಡ ಕಡಿಮಿ, ಗಾಳಿ ಓಡಿ ಹೋಗ್ತದ, ಕಾಳಿಗೆ ನೀರು ಹಿಡಿಲಾಕ ಪುರಸತ್ತೇ ಸಿಗಂಗಿಲ್ಲ. ಆ ವಾಲ್ವ್ 130-150 ಬಾರ್ ತನಕ ಗಾಳಿ ಫಿಲ್ಟರಿನ್ಯಾಗೇ ತಡದು ನಿಲ್ಲಸ್ತದ. ಆವಾಗ ನೀರು ಅಲ್ಲೇ ಹನಿ ಆಗಿ ಕೆಳಗ ಬೀಳ್ತದ, ಕಾಳು ಭಾಳ ದಿನ ಬಾಳಿಕಿ ಬರ್ತಾವ.

ತೊಗರಿನಾಡು, ಕಲಬುರಗಿ

ಇದ್ದಿಲ್ಲ ಅಣ್ಣಾ. ಅದಕ್ಕೇ ಕಾಳು ತಿಂಗಳಿಗೇ ಸತ್ತು ಹೋಗ್ತಿದ್ವು ಅಂತ ಈಗ ತಿಳೀತು. ತರಿಸ್ತೀನಿ.

ಭೀಮಾ ದಂಡಿ

ನಮಸ್ಕಾರ್ರೀ. ಇಷ್ಟೆಲ್ಲ ಯಾಕ ಬೇಕು? ನಮ್ಮೂರ ವೆಲ್ಡಿಂಗ್ ಅಂಗಡ್ಯಾಗ ಆಕ್ಸಿಜನ್ ಸಿಲಿಂಡರ್ ಅದ, 150 ಬಾರ್ ತುಂಬಿ ಬರ್ತದ. ಒಂದು ಅಡಾಪ್ಟರ್ ಮಾಡಿಸಿದ್ರ ರೈಫಲಿಗೆ ಅದರಿಂದಲೇ ತುಂಬಬಹುದಲ್ಲ?

ತೊಗರಿನಾಡು, ಕಲಬುರಗಿ

ತಮ್ಮಾ, ಬ್ಯಾಡ. ಕೈ ಮುಗದು ಹೇಳ್ತೀನಿ, ಆಕ್ಸಿಜನ್ ಬ್ಯಾಡ. ರೈಫಲಿನೊಳಗ ಗ್ರೀಸ್ ಅದ, ರಬ್ಬರ್ ರಿಂಗ್ ಅವ. ಒತ್ತಡದ ಆಕ್ಸಿಜನ್ನಿಗೆ ಎಣ್ಣಿ ತಾಗಿದ್ರ ಕಿಡಿ ಬೇಕಾಗಿಲ್ಲ, ತಾನೇ ಹೊತ್ಕೊಂತದ. ರೈಫಲ್ ಕೂಸಿನ ಗಲ್ಲಕ್ಕ ಹತ್ತಿರ್ತದ. ವೆಲ್ಡಿಂಗ್ ಅಂಗಡಿಯವರಿಗೇ ಕೇಳು, ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣಿ ಕೈ ಯಾಕ ಹಚ್ಚಬಾರದು ಅಂತ ಅವರೇ ಹೇಳ್ತಾರ.

ಬೀದರ ಮಿಸ್ತ್ರಿ

ತಮ್ಮಾ, ಅಣ್ಣ ಹೇಳಿದ್ದು ಕೇಳು. ಆಕ್ಸಿಜನ್ನೂ ಬ್ಯಾಡ, ಉರಿಯೋ ಗ್ಯಾಸೂ ಬ್ಯಾಡ. ಬೇಕಂದ್ರ ನೈಟ್ರೋಜನ್ ನಡೀತದ. ಒಣಾ ಇರ್ತದ, ತುಕ್ಕು ಹಿಡಿಸಂಗಿಲ್ಲ. ಆದ್ರ 150 ಬಾರಿನ ಬಾಟ್ಲಿಯಿಂದ 150ರ ಮ್ಯಾಲ ಏರಂಗಿಲ್ಲ, ಪ್ರತಿ ಸಲ ಇನ್ನಷ್ಟು ಇಳೀತದ. ಬಾಗಿಲು ಹಾಕಿದ ಕೋಣ್ಯಾಗ ಸೋರಿದ್ರ ಉಸಿರು ಕಟ್ಟತದ, ವಾಸನಿಯೂ ಬರಂಗಿಲ್ಲ. ಬಯಲಾಗ ಇಟ್ಟು, ಸರಿಯಾದ ರೆಗ್ಯುಲೇಟರ್ ಹಾಕಿ ಗೊತ್ತಿದ್ದವರೇ ತುಂಬಬೇಕು.

ಸಗರನಾಡು, ಶಹಾಪುರ

ಇದೇ ಕಂಪ್ರೆಸರಿನಿಂದ ಉಸಿರಾಡೋ ಸಿಲಿಂಡರ್ ತುಂಬಬಹುದೇನ್ರೀ? ನಮ್ಮ ಕಡಿ ಹಳೀ ಬಾವಿಗಳೊಳಗ ಮೋಟರ್ ಬಿದ್ರ, ದನ ಬಿದ್ರ ಇಳೀಬೇಕಾಗ್ತದ. ಒಳಗ ಕೆಟ್ಟ ಗಾಳಿ ಇರ್ತದ. ಇಂಥಾದೊಂದು ಸಿಲಿಂಡರ್ ಇದ್ರ ಜೀವ ಉಳೀತಾವ ಅಂತ ಬಹಳ ದಿನದಿಂದ ಮನಸಿನ್ಯಾಗ ಅದ.

ಭೌತಶಾಸ್ತ್ರ ಯಾದಗಿರಿ

ನಿಮ್ಮ ಕಾಳಜಿ ಅರ್ಥವಾಗುತ್ತದೆ, ಬಾವಿಗೆ ಇಳಿದವರನ್ನು ಕಳೆದುಕೊಂಡ ಊರುಗಳು ನಮ್ಮ ಸುತ್ತಲೇ ಇವೆ. ಆದರೆ ಈ ಯಂತ್ರದಿಂದ ಮಾತ್ರ ಬೇಡ. ಉಸಿರಾಟದ ಗಾಳಿಗೆ ಯುರೋಪಿನ ಇಎನ್ 12021 ಮಾನದಂಡ ಇದೆ. ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷ ಪಾಲಿನಲ್ಲಿ 5ಕ್ಕಿಂತ ಹೆಚ್ಚು ಇರಬಾರದು, ಎಣ್ಣೆ ಒಂದು ಘನ ಮೀಟರಿಗೆ ಅರ್ಧ ಮಿಲಿಗ್ರಾಂ ಮೀರಬಾರದು. ಬಿಸಿಯಾದ ಕಂಪ್ರೆಸರಿನೊಳಗೆ ಎಣ್ಣೆ ಸ್ವಲ್ಪ ಸುಟ್ಟರೂ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸಾಮಾನ್ಯ ಇದ್ದಿಲು ಅದನ್ನು ಹಿಡಿಯುವುದಿಲ್ಲ. ಪಕ್ಕದಲ್ಲಿ ಜನರೇಟರ್ ಓಡುತ್ತಿದ್ದರೆ ಅದರ ಹೊಗೆಯೂ ಒಳಗೆ ಸೇರುತ್ತದೆ. ರೈಫಲ್ಲಿಗೆ ಇದರಿಂದ ತೊಂದರೆಯಿಲ್ಲ, ಮನುಷ್ಯನಿಗೆ ಪ್ರಾಣದ ಪ್ರಶ್ನೆ. ಬಾವಿಯ ಕೆಲಸಕ್ಕೆ ಅಗ್ನಿಶಾಮಕ ಠಾಣೆಗೆ 112ರ ಮೂಲಕ ಕರೆ ಮಾಡಿ. ಅವರು ಬರುವವರೆಗೆ ಯಾರನ್ನೂ ಇಳಿಸಬೇಡಿ.

ಸಗರನಾಡು, ಶಹಾಪುರ

ಆತ್ರೀ ಸರ. ನಮ್ಮ ಹುಡುಗರಿಗೂ ಹೇಳ್ತೀನಿ.

ಕಲ್ಯಾಣದ ಅವ್ವ, ಬಸವಕಲ್ಯಾಣ

ಅಣ್ಣಾವ್ರೇ, ನನ್ನ ಮಗನೂ ಏರ್ ರೈಫಲ್ ಶುರು ಮಾಡ್ಯಾನ. ನಮ್ಮದು ಬಾಡಿಗಿ ಮನಿ, ಮ್ಯಾಲಿನ ಮಾಳಿಗಿ. ಕರೆಂಟ್ ಮಧ್ಯಾಹ್ನ ಭಾಳ ಇಳೀತದ. ಕೂಡಿಸಬಹುದೇನು? ಇನ್ನೊಂದು, ಕಂಪ್ರೆಸರಿಗೆ ಸೇಫ್ಟಿ ಡಿಸ್ಕ್ ಅದ, ಹೆಚ್ಚಾದ್ರ ತಾನೇ ಹರಿದು ಗಾಳಿ ಬಿಡ್ತದ ಅಂತ ಅಂಗಡಿಯವರು ಹೇಳಿದ್ರು.

ತೊಗರಿನಾಡು, ಕಲಬುರಗಿ

ಅಕ್ಕಾ, ಡಿಸ್ಕಿನ ಮಾತು ಮೊದಲ ಹೇಳ್ತೀನಿ, ಇದು ಭಾಳ ಮಂದಿಗೆ ಗೊತ್ತಿಲ್ಲ. ಆ ಡಿಸ್ಕ್ ಕಂಪ್ರೆಸರನ್ನ ಕಾಯ್ತದ, ನಿಮ್ಮ ಸಿಲಿಂಡರನ್ನಲ್ಲ. ಕಂಪ್ರೆಸರ್ 300 ಬಾರಿಂದು, ಡಿಸ್ಕ್ ಅದರ ಮ್ಯಾಲ ಎಲ್ಲೋ ಹರೀತದ. ರೈಫಲ್ ಸಿಲಿಂಡರ್ 200 ಬಾರಿಂದು. ನಡುವ ನೂರು ಬಾರ್ ಅದ, ಅಲ್ಲಿ ಕಾಯೋರು ನಾವೇ. ಮೀಟರಿನ ಕೆಂಪು ಮುಳ್ಳು 200ಕ್ಕ ಇಟ್ರ ಮೋಟರ್ ತಾನೇ ನಿಲ್ಲಬೇಕು. ನನ್ನದು ಒಂದಿನ ನಿಲ್ಲಲಿಲ್ಲ. ಮುಳ್ಳಿನ ಕಾಂಟ್ಯಾಕ್ಟ್ ಹೊಲಸಾಗಿತ್ತು. ಹಾಲು ಇಸ್ಕೊಳ್ಳಾಕ ಬಾಗಿಲಿಗೆ ಹೋಗಿ ಬರೋದ್ರಾಗ 230 ಮುಟ್ಟಿತ್ತು. ಸಿಲಿಂಡರಿನ ಟೆಸ್ಟ್ ಒತ್ತಡ ಅದಕ್ಕಿಂತ ಮ್ಯಾಲ ಇರ್ತದ ಅಂತ ಉಳೀತು, ಆದ್ರ ಆ ಹೊತ್ತಿಗೆ ನನ್ನ ಕಾಲಾಗ ಶಕ್ತಿ ಇದ್ದಿಲ್ಲ. ಅವತ್ತಿನಿಂದ ಮಷೀನ್ ಓಡೋ ತನಕ ಎದ್ದು ಹೋಗಂಗಿಲ್ಲ, ಫೋನೂ ಎತ್ತಂಗಿಲ್ಲ. ಮಕ್ಕಳನ್ನ ಹತ್ತಿರ ಬಿಡಂಗಿಲ್ಲ.

ಕರೆಂಟಿಗೆ 16 ಆಂಪಿಯರಿನ ಸಾಕೆಟ್, ಬೇರೆ ಎಂಸಿಬಿ, ಖರೇನ ಅರ್ಥಿಂಗ್ ಬೇಕು. ಪಕ್ಕದಾಗ ನೀರಿನ ಬಕೀಟು ಇರ್ತದ, ಅರ್ಥಿಂಗ್ ಬಿಡಲಾಕ ಬರಂಗಿಲ್ಲ. ವೋಲ್ಟೇಜ್ ಇಳದಾಗ ಚಾಲೂ ಮಾಡಿದ್ರ ಮೋಟರ್ ಗುಂಯ್ ಅಂತ ಕೂಡ್ತದ, ಸುಡ್ತದ. ಡ್ರೇನ್ ತೆಗೆದಿಟ್ಟೇ ಚಾಲೂ ಮಾಡ್ರಿ, ಮೋಟರಿಗೆ ಹಗುರ ಆಗ್ತದ. ಮಾಳಿಗಿ ಮ್ಯಾಲ ನನಗ ಮನಸಿಲ್ಲ ಅಕ್ಕಾ. ಸಪ್ಪಳ ಭಾಳ, ಕೆಳಗಿನ ಮನಿಯವರ ಜೋಡಿ ಜಗಳ. ಒಬ್ಬನೇ ಹುಡುಗ, ವಾರಕ್ಕ ಎರಡು ಸಲ ಅಂದ್ರ ಸದ್ಯ ಕೈಪಂಪೇ ಸಾಕು. ನೀವು ಹೊಡೀರಿ, ಹುಡುಗನ ಕೈಲೆ ಹೊಡಿಸಬ್ಯಾಡ್ರಿ.

ಬೀದರ ಮಿಸ್ತ್ರಿ

ಧೂಳಿನ ಮಾತು ಯಾರೂ ಹೇಳಲಿಲ್ಲ. ಡಿಸೆಂಬರ್ ಜನವರಿಯಾಗ ತೊಗರಿ ರಾಶಿ ನಡೆದಾಗ ಊರೆಲ್ಲ ಹೊಟ್ಟು ಹಾರ್ತದ. ವಾಡಿ, ಸೇಡಂ ಕಡಿಯವರಿಗೆ ಸಿಮೆಂಟ್ ಧೂಳು. ಗಾಳಿ ಎಳಕೊಳ್ಳೋ ಬಾಯಿಗೆ ಒಂದು ನಳಿಗಿ ಹಾಕಿ ಆಳೆತ್ತರಕ್ಕ ಏರಸ್ರಿ, ತುದಿಗೆ ಫಿಲ್ಟರ್. ಪಿಸ್ಟನ್ ರಿಂಗ್ ಹೆಚ್ಚು ದಿನ ಬರ್ತದ.

ಭೀಮಾ ದಂಡಿ

ಅಣ್ಣಾ, ಸಿಟ್ಟಾಗಬ್ಯಾಡ್ರಿ, ಇನ್ನೊಂದು. ತುಂಬಿದಾಗ 200 ಇರ್ತದ, ಮುಂಜಾನಿ ನೋಡಿದ್ರ 185. ಕೈಪಂಪಿನಿಂದ ಸೀದಾ ಜೋರಾಗಿ ತುಂಬಿದ್ದೆ. ಸೋರ್ಲಾಕತ್ತದೇನು?

ಭೌತಶಾಸ್ತ್ರ ಯಾದಗಿರಿ

ಬಹುಶಃ ಸೋರಿಕೆಯಲ್ಲ. ತುಂಬುವಾಗ ಸಿಲಿಂಡರ್ 55 ಡಿಗ್ರಿ ಇದ್ದು ಆಮೇಲೆ 30ಕ್ಕೆ ಇಳಿದರೆ 200 ಬಾರ್ 185ಕ್ಕೇ ಬಂದು ನಿಲ್ಲುತ್ತದೆ. ಎರಡನೇ ದಿನವೂ ಇಳಿದರೆ ಸೋಪಿನ ನೊರೆ ಹಚ್ಚಿ ನೋಡಿ. ಇದರ ತಿರುವು ಅಪಾಯದ್ದು: 30 ಡಿಗ್ರಿಯಲ್ಲಿ 200 ಇದ್ದ ಸಿಲಿಂಡರನ್ನು ಮೇ ತಿಂಗಳಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟು ಅದು 65 ಡಿಗ್ರಿಗೆ ಹೋದರೆ 223 ಆಗುತ್ತದೆ. ಬೇಸಿಗೆಯಲ್ಲಿ 180ಕ್ಕೆ ನಿಲ್ಲಿಸಿ, ಸಿಲಿಂಡರನ್ನು ಜೊತೆಯಲ್ಲೇ ಇಟ್ಟುಕೊಳ್ಳಿ.

ತೊಗರಿನಾಡು, ಕಲಬುರಗಿ

ಸಿಟ್ಟೆಲ್ಲಿಂದ ತಮ್ಮಾ, ಕೇಳಿದ್ದೇ ಛಲೋ ಆತು. ತುಂಬಿದ ಮ್ಯಾಲ ಹೋಸ್ ಬಿಚ್ಚೋ ಮುಂಚೆ ಬ್ಲೀಡ್ ವಾಲ್ವ್ ತೆಗೆದು ಹೋಸಿನ್ಯಾಗಿನ ಗಾಳಿ ಬಿಡು. ಅದು ಬಿಡದ ಬಿಚ್ಚಿದ್ರ ಲೋಹದ ತುದಿ ಹಾವಿನಂಗ ಹೊಡೀತದ. ಕಣ್ಣಿಗೆ ಕನ್ನಡಕ ಇರ್ಲಿ.

ಕಲ್ಯಾಣದ ಅವ್ವ, ಬಸವಕಲ್ಯಾಣ

ಅಣ್ಣಾವ್ರೇ, ಕೈಪಂಪೇ ತೊಗೊಂತೀವಿ. ಒಂದು ಕಡೀದು. ನಾವು ತಂದಿದ್ದು ಹಳೀ ರೈಫಲ್, ಇನ್ನೊಬ್ಬರು ಆಡಿ ಬಿಟ್ಟಿದ್ದು. ಸಿಲಿಂಡರಿನ ಮ್ಯಾಲ 2013 ಅಂತ ಕೆತ್ಯಾರ. ಜೊತಿಗೆ 3 ಲೀಟರಿನ ಕರೀ ಸಿಲಿಂಡರ್ ಒಂದು ಕೊಟ್ಟಾರ, ಅದರ ಮ್ಯಾಲ ಏನೂ ಬರೆದಿಲ್ಲ. ಚಲೋ ಕಾಣ್ತಾವ ಎರಡೂ.

ತೊಗರಿನಾಡು, ಕಲಬುರಗಿ

ಅಕ್ಕಾ, ಎರಡನ್ನೂ ತುಂಬಬ್ಯಾಡ್ರಿ. ರೈಫಲ್ ಸಿಲಿಂಡರಿಗೆ ತಯಾರಿಸಿದವರು ಕೊಡೋ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅದು ಮುಗದದ್ದು ಪಂದ್ಯದ ಪರೀಕ್ಷಾ ಮೇಜಿನ ಮ್ಯಾಲ ನಡೆಯಂಗಿಲ್ಲ, ತಾರೀಖು ನೋಡೋ ಜವಾಬ್ದಾರಿ ಆಟಗಾರರದೇ. ಹೊಸಾ ಸಿಲಿಂಡರ್ ಬೇರೆ ಸಿಗ್ತದ, ರೈಫಲ್ ಅದೇ ಇರ್ಲಿ. ಕರೀ ಸಿಲಿಂಡರ್ ಇನ್ನೂ ಕಠಿಣ ಮಾತು. ನಮ್ಮ ದೇಶದ 2016ರ ಗ್ಯಾಸ್ ಸಿಲಿಂಡರ್ ನಿಯಮದಾಗ 500 ಮಿಲಿಲೀಟರ್ ದಾಟಿದ್ದು ಸಿಲಿಂಡರ್ ಅಂತಲೇ ಲೆಕ್ಕ, ಅದಕ್ಕ ಸ್ಫೋಟಕ, ಗ್ಯಾಸ್ ಸಿಲಿಂಡರ್ ಸುರಕ್ಷತೆ ನೋಡೋ ಕೇಂದ್ರ ಸರ್ಕಾರದ ಪೆಸೋ (ನಾಗಪುರ) ಕಚೇರಿ ಒಪ್ಪಿಗಿ ಬೇಕು, ನೀರು ತುಂಬಿ ಒತ್ತಡ ಹಾಕಿ ನೋಡೋ ಹೈಡ್ರೋ ಟೆಸ್ಟಿನ ತಾರೀಖು ಕೆತ್ತಿರಬೇಕು. ಗುರುತೇ ಇಲ್ಲದ್ದರೊಳಗ ಎಷ್ಟು ಒತ್ತಡ ತಡೀತದ ಅಂತ ಯಾರಿಗೂ ಹೇಳಲಾಕ ಬರಂಗಿಲ್ಲ. ನಾನೂ ದೊಡ್ಡ ಸಿಲಿಂಡರ್ ಇಡದೇ ಸೀದಾ ರೈಫಲಿಗೇ ತುಂಬೋದು ಇದೇ ಕಾರಣಕ್ಕ.

ಕಲ್ಯಾಣದ ಅವ್ವ, ಬಸವಕಲ್ಯಾಣ

ಕರೀದು ಮುಟ್ಟಲಾಕ ಹೆದರಿಕಿ ಆಗ್ಲಾಕತ್ತದ. ಒಳಗ ಗಾಳಿ ಅದಯೋ ಇಲ್ಲೋ ಗೊತ್ತಿಲ್ಲ. ಏನು ಮಾಡ್ಲಿ?

ಬೀದರ ಮಿಸ್ತ್ರಿ

ತಂಗೀ, ನೆರಳಿನ್ಯಾಗ ಮಲಗಿಸಿ ಇಡು, ಎರಡು ಬದಿ ಇಟ್ಟಿಗಿ ಕೊಡು, ಉರುಳಬಾರದು. ವಾಲ್ವಿಗೆ ಪಾನಾ ಹಚ್ಚಬ್ಯಾಡ. ಭಾನುವಾರ ನಾ ಹುಮನಾಬಾದಿಗೆ ಬರೋದದ, ಅಲ್ಲಿಂದ ನಿಮ್ಮೂರಿಗೆ ಬರ್ತೀನಿ. ಮೀಟರ್ ಹಚ್ಚಿ, ಗಾಳಿ ನಿಧಾನಕ್ಕ ಬಿಟ್ಟು, ವಾಲ್ವ್ ತೆಗೆದು, ಮೈಗೆ ತೂತು ಹೊಡೆದು ಕೊಡ್ತೀನಿ. ಮತ್ತೊಬ್ಬರು ತುಂಬಬಾರದು.

ಕಲ್ಯಾಣದ ಅವ್ವ, ಬಸವಕಲ್ಯಾಣ

ಬರ್ರಿ ಅಣ್ಣಾ. ಊಟ ನಮ್ಮನ್ಯಾಗೇ.